ಒಂದು ಸಲಕ್ಕೆ ಒಂದೇ ತೋಟೆ: ಸಿಂಗಲ್ ಸ್ಟೇಜ್ ರೀಲೋಡಿಂಗ್ ಪ್ರೆಸ್ ಆರಿಸುವುದು ಹೇಗೆ

"ಯಾವ ಪ್ರೆಸ್ ತಗೊಳ್ಳಲಿ?" ಹೊಸದಾಗಿ ರೀಲೋಡಿಂಗ್ (ಹಾರಿಸಿದ ತೋಟೆಯ ಖಾಲಿ ಕೇಸನ್ನು ಮತ್ತೆ ತುಂಬುವುದು) ಶುರು ಮಾಡುವವರು ಮೊದಲು ಕೇಳುವುದು ಇದನ್ನೇ. ಕೇಳುವ ಹೊತ್ತಿಗೆ ತಲೆಯಲ್ಲಿ ನಾಲ್ಕೈದು ಹೆಸರು ಆಗಲೇ ಓಡುತ್ತಿರುತ್ತವೆ. ಲೀ, ಆರ್‌ಸಿಬಿಎಸ್, ಹಾರ್ನಡಿ, ರೆಡ್ಡಿಂಗ್, ಫಾರ್ಸ್ಟರ್. ಒಬ್ಬರು ಹೊಗಳಿದ್ದನ್ನೇ ಇನ್ನೊಬ್ಬರು ಬೇಡ ಅನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಅವರು ತುಂಬುವ ತೋಟೆ ಬೇರೆ, ತುಂಬುವ ಲೆಕ್ಕ ಬೇರೆ, ಅಷ್ಟೇ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಗುರಿ ಸರಿಯಾಗಿ ಬೀಳುವುದರಲ್ಲಿ ಪ್ರೆಸ್ಸಿನ ಪಾಲು ಜನ ಅಂದುಕೊಂಡಷ್ಟು ಇಲ್ಲ. ಡೈ (ಕೇಸನ್ನು ಅಳತೆಗೆ ತರುವ ಅಚ್ಚು) ಚೆನ್ನಾಗಿರಬೇಕು, ಕೇಸ್‌ಗಳು ಒಂದೇ ಸಮ ಇರಬೇಕು, ಮದ್ದಿನ ತೂಕ ಸರಿ ಇರಬೇಕು. ಪ್ರೆಸ್ ಆರಿಸುವಾಗ ನೋಡಬೇಕಾದದ್ದು ಬೇರೆ: ಒಂದೇ ಕೆಲಸ ಮುನ್ನೂರು ಸಲ ಮಾಡುವಾಗ ಯಾವ ಪ್ರೆಸ್ ನಿಮ್ಮ ಕೈಗೂ ತಾಳ್ಮೆಗೂ ಅಡ್ಡ ಬರುವುದಿಲ್ಲ ಅನ್ನುವುದು.

ಅದಕ್ಕೂ ಮುಂಚೆ ಒಂದು ಮಾತು. ನೀವಿರುವ ಕಡೆ ಮನೆಯಲ್ಲಿ ತೋಟೆ ತುಂಬಲು ಕಾನೂನಿನ ಅನುಮತಿ ಇದೆಯೇ ನೋಡಿಕೊಳ್ಳಿ. ಅಮೆರಿಕದಲ್ಲಿ ಸ್ವಂತ ಬಳಕೆಗೆ ರೀಲೋಡ್ ಮಾಡುವುದು ದೊಡ್ಡ ಹವ್ಯಾಸ. ಇಲ್ಲಿ ಹೇಳುವ ಪ್ರೆಸ್ ಕಂಪನಿಗಳೂ ಅಲ್ಲಿಯವೇ. ಭಾರತದಲ್ಲಿ ಹಾಗಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಮದ್ದುಗುಂಡು ತಯಾರಿಸಲು ಅದಕ್ಕೆಂದೇ ಲೈಸೆನ್ಸ್ ಬೇಕು. ಕೋವಿ ಇಟ್ಟುಕೊಳ್ಳುವ ಲೈಸೆನ್ಸ್ ಇದಕ್ಕೆ ಸಾಲದು.

ಪ್ರೆಸ್ ಮಾಡುವ ಕೆಲಸ

ಮೇಲೆ ಒಂದು ಡೈ, ಕೆಳಗೆ ಒಂದು ರ್ಯಾಮ್, ಅಂದರೆ ಮೇಲೆ ಕೆಳಗೆ ಚಲಿಸುವ ದಂಡ. ರ್ಯಾಮ್‌ನ ತಲೆಯಲ್ಲಿ ಶೆಲ್ ಹೋಲ್ಡರ್, ಅದರಲ್ಲಿ ಹಿತ್ತಾಳೆಯ ಕೇಸ್. ಹಿಡಿಕೆ ಕೆಳಗೆ ಎಳೆದರೆ ರ್ಯಾಮ್ ಮೇಲೇರಿ ಕೇಸ್ ಡೈ ಒಳಗೆ ಹೋಗುತ್ತದೆ. ಸಿಂಗಲ್ ಸ್ಟೇಜ್ ಅಂದರೆ ಇಷ್ಟೇ. ಒಂದು ಎಳೆತಕ್ಕೆ ಒಂದೇ ಕೆಲಸ. ಡೈ ಬದಲಿಸಿದರೆ ಮುಂದಿನ ಕೆಲಸ.

ಲೆಕ್ಕ ಹಾಕಿ ನೋಡಿ. ರೈಫಲ್ ತೋಟೆಗೆ ಕಡಿಮೆಯೆಂದರೂ ಎರಡು ಎಳೆತ. ಒಂದು, ಕೇಸ್ ಅಳತೆಗೆ ತಂದು ಹಳೆಯ ಪ್ರೈಮರ್ (ಕೇಸಿನ ತಳದಲ್ಲಿ ಕಿಡಿ ಹೊತ್ತಿಸುವ ಪುಟ್ಟ ಬಟ್ಟಲು) ಹೊರಹಾಕಲು. ಇನ್ನೊಂದು, ಗುಂಡು ಕೂರಿಸಲು. ಪಿಸ್ತೂಲಿನ ನೇರ ಕೇಸ್‌ಗಾದರೆ ಬಾಯಿ ಅಗಲಿಸುವ ಎಳೆತವೂ ಸೇರಿ ಮೂರು. ಕ್ರಿಂಪ್ (ಕೇಸಿನ ಬಾಯಿಯನ್ನು ಗುಂಡಿಗೆ ಬಿಗಿಯುವುದು) ಬೇರೆ ಮಾಡಿದರೆ ನಾಲ್ಕು. ಅಂದರೆ 100 ಪಿಸ್ತೂಲ್ ತೋಟೆಗೆ 300ರಿಂದ 400 ಸಲ ಹಿಡಿಕೆ ಎಳೆಯಬೇಕು. ವಾರಕ್ಕೆ 500 ತೋಟೆ ಹಾರಿಸುವವರಿಗೆ ಇದು ಆಗುವ ಮಾತಲ್ಲ. ಅವರು ಒಂದು ಎಳೆತಕ್ಕೆ ಒಂದು ಪೂರ್ತಿ ತೋಟೆ ಕೊಡುವ ಪ್ರೋಗ್ರೆಸಿವ್ ಪ್ರೆಸ್ ಕಡೆ ನೋಡಲಿ. ತಿಂಗಳಿಗೆ ನೂರಿನ್ನೂರು ರೈಫಲ್ ತೋಟೆ ತುಂಬುವವರಿಗೆ, ಮತ್ತೆ ಈಗಷ್ಟೇ ಕಲಿಯುತ್ತಿರುವವರಿಗೆ, ಸಿಂಗಲ್ ಸ್ಟೇಜ್‌ನಷ್ಟು ಒಳ್ಳೆಯದು ಬೇರೆ ಇಲ್ಲ. ಪ್ರತಿ ಹಂತವೂ ಕಣ್ಣ ಮುಂದೆ ನಡೆಯುತ್ತದೆ. ತಪ್ಪಾದರೆ ಅಲ್ಲೇ ಗೊತ್ತಾಗುತ್ತದೆ.

ಯಾವುದನ್ನು ಅಳೆಯಬೇಕು

ಮೊದಲನೆಯದು ಚೌಕಟ್ಟು. ಇಂಗ್ಲಿಷ್ 'ಸಿ' ಆಕಾರದ್ದು ಮುಂದೆ ತೆರೆದಿರುತ್ತದೆ, ಕೈ ಸಲೀಸಾಗಿ ಹೋಗುತ್ತದೆ. ಆದರೆ ಜೋರಾಗಿ ಒತ್ತಿದಾಗ ಆ 'ಸಿ' ಬಾಯಿ ಕೂದಲೆಳೆಯಷ್ಟು ತೆರೆದುಕೊಳ್ಳುತ್ತದೆ. 'ಓ' ಆಕಾರದ್ದು ಸುತ್ತಲೂ ಮುಚ್ಚಿದ ಬಳೆಯ ಹಾಗೆ, ಅಷ್ಟು ಸುಲಭವಾಗಿ ಬಾಗುವುದಿಲ್ಲ. ಬೀಡು ಕಬ್ಬಿಣದ್ದು ಭಾರ, ಗಟ್ಟಿ. ಅಲ್ಯೂಮಿನಿಯಂ ಹಗುರ, ಅಗ್ಗ. .223 ರೆಮಿಂಗ್ಟನ್ ತರಹದ ಸಣ್ಣ ಕೇಸ್‌ಗೆ ಈ ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ. .30-06 ಕೇಸನ್ನು ಪೂರ್ತಿ ಉದ್ದಕ್ಕೆ ಅಳತೆಗೆ ತರುವಾಗ, ಅಥವಾ .338 ಲಪುವಾ ಮ್ಯಾಗ್ನಮ್ ತರಹದ ದೊಡ್ಡದನ್ನು ಒತ್ತುವಾಗ, ತೋಳಿಗೇ ಗೊತ್ತಾಗುತ್ತದೆ.

ಎರಡನೆಯದು ಹಳೆಯ ಪ್ರೈಮರ್ ಎಲ್ಲಿ ಬೀಳುತ್ತದೆ ಅನ್ನುವುದು. ಕೊಳ್ಳುವಾಗ ಯಾರೂ ಇದನ್ನು ಯೋಚಿಸುವುದಿಲ್ಲ. ನನ್ನ ಪ್ರಕಾರ ಇದೇ ದೊಡ್ಡ ವಿಷಯ. ಹಾರಿದ ಪ್ರೈಮರ್ ಒಳಗಿನ ಕಪ್ಪು ಮಸಿಯಲ್ಲಿ ಸಾಮಾನ್ಯವಾಗಿ ಸೀಸ ಇರುತ್ತದೆ. ಕೆಲವು ಪ್ರೆಸ್‌ಗಳಲ್ಲಿ ಪ್ರೈಮರ್ ರ್ಯಾಮ್ ಪಕ್ಕದ ಸೀಳಿನಿಂದ ಹೊರಬಂದು ಮುಂದಿನ ತಟ್ಟೆಗೆ ಬೀಳಬೇಕು. ಹತ್ತರಲ್ಲಿ ಒಂದೆರಡು ತಟ್ಟೆ ತಪ್ಪಿ ನೆಲಕ್ಕೆ ಹಾರುತ್ತವೆ. ಜೊತೆಗೆ ಆ ಮಸಿ ರ್ಯಾಮ್ ಮೇಲೆ, ಬೆಂಚಿನ ಮೇಲೆ, ಬೆರಳ ಮೇಲೆ ಕೂರುತ್ತದೆ. ಇನ್ನು ಕೆಲವು ಪ್ರೆಸ್‌ಗಳಲ್ಲಿ ರ್ಯಾಮ್ ಒಳಗಡೆ ಟೊಳ್ಳು. ಪ್ರೈಮರ್ ಅದರೊಳಗಿಂದ ನೇರ ಕೆಳಗಿಳಿದು ಟ್ಯೂಬಿಗೋ ಡಬ್ಬಿಗೋ ಸೇರುತ್ತದೆ. ಮನೆಯಲ್ಲಿ ಅಂಬೆಗಾಲಿಡುವ ಮಗು ಇದ್ದರೆ ಈ ಎರಡನೆಯ ಬಗೆ ಬಿಟ್ಟು ಬೇರೆಯದನ್ನು ನೋಡಲೇಬೇಡಿ.

ಮೂರನೆಯದು ಡೈ ಬದಲಿಸುವುದು. ಸಾಮಾನ್ಯ ಡೈಗಳ ಮರೆ (ತಿರುಪಿನ ಗೆರೆ) 7/8-14, ಅಂದರೆ ಮುಕ್ಕಾಲು ಇಂಚಿಗಿಂತ ತುಸು ದಪ್ಪ, ಇಂಚಿಗೆ 14 ಮರೆ. ಹೆಚ್ಚುಕಡಿಮೆ ಎಲ್ಲ ಕಂಪನಿಯ ಡೈಗೂ ಇದೇ ಅಳತೆ. ಒಂದು ಕಂಪನಿಯ ಡೈ ಇನ್ನೊಂದರ ಪ್ರೆಸ್‌ಗೆ ಕೂರುತ್ತದೆ, ಆ ಚಿಂತೆ ಬೇಡ. ಪ್ರತಿ ಸಲ ತಿರುಗಿಸಿ ತಿರುಗಿಸಿ ಹಾಕಬೇಕೋ, ಬುಶಿಂಗ್ (ಡೈ ಹಿಡಿದಿಡುವ ಬಳೆ) ಇದ್ದು ಒಂದು ತಿರುವಿಗೆ ಕೂರುತ್ತದೋ, ಅಥವಾ ಸುಮ್ನೆ ಪಕ್ಕದಿಂದ ತಳ್ಳಿದರೆ ಸಾಕೋ, ಅಷ್ಟೇ ನೋಡಬೇಕಾದದ್ದು.

ಆಮೇಲೆ ಜಾಗ, ಬೆಂಚು, ಎಡಗೈಯವರಾದರೆ ಹಿಡಿಕೆ ಆ ಕಡೆ ಹಾಕಲು ಬರುತ್ತದೋ, ಮತ್ತೆ ದುಡ್ಡು.

ಪ್ರೆಸ್ ಮೇಲೆಯೇ ಹೊಸ ಪ್ರೈಮರ್ ಕೂರಿಸುವ ವ್ಯವಸ್ಥೆ ಇದೆಯೋ ಇಲ್ಲವೋ ಅಂತ ತಲೆ ಕೆಡಿಸಿಕೊಳ್ಳಬೇಡಿ. ಕೈಯಲ್ಲಿ ಹಿಡಿದು ಒತ್ತುವ ಪ್ರೈಮಿಂಗ್ ಟೂಲ್ ಬೇರೆ ಸಿಗುತ್ತದೆ. ಪ್ರೈಮರ್ ತಳ ಮುಟ್ಟಿತೋ ಇಲ್ಲವೋ ಬೆರಳಿಗೇ ತಿಳಿಯುತ್ತದೆ. ಪ್ರೆಸ್‌ನ ಉದ್ದ ಹಿಡಿಕೆಯಲ್ಲಿ ಆ ಸೂಕ್ಷ್ಮ ಸಿಗುವುದಿಲ್ಲ.

ಕಡಿಮೆ ದುಡ್ಡಿನಲ್ಲಿ: ಲೀ

ಲೀ ಪ್ರಿಸಿಷನ್ ವಿಸ್ಕಾನ್ಸಿನ್‌ನ ಹಾರ್ಟ್‌ಫರ್ಡ್‌ನ ಕಂಪನಿ. ಕಡಿಮೆ ಬೆಲೆಗೆ ಹೆಸರುವಾಸಿ. ಅವರ ರೀಲೋಡರ್ ಪ್ರೆಸ್ 'ಸಿ' ಚೌಕಟ್ಟಿನ ಪುಟ್ಟ ಅಲ್ಯೂಮಿನಿಯಂ ಪ್ರೆಸ್. ಒಂದೇ ಪ್ರೆಸ್ ಇಟ್ಟುಕೊಳ್ಳುವವರಿಗೆ ನಾನು ಅದನ್ನು ಹೇಳುವುದಿಲ್ಲ. ದೊಡ್ಡ ಪ್ರೆಸ್ ಇರುವವರು ಪಕ್ಕದಲ್ಲಿ ಬರೀ ಹಳೆ ಪ್ರೈಮರ್ ತೆಗೆಯಲು ಇಟ್ಟುಕೊಂಡರೆ ಬಹಳ ಉಪಯೋಗ. ಬೆಂಚು ಹಾಕಲು ಜಾಗವೇ ಇಲ್ಲದವರಿಗೆ ಅವರದೇ ಹ್ಯಾಂಡ್ ಪ್ರೆಸ್ ಇದೆ, ಎರಡು ಕೈಯಲ್ಲಿ ಹಿಡಿದು ಅಮುಕುವುದು. ಪಿಸ್ತೂಲ್ ಕೇಸ್‌ಗೆ ಪರವಾಗಿಲ್ಲ. ದೊಡ್ಡ ರೈಫಲ್ ಕೇಸ್‌ಗೆ ತೋಳು ಸೋಲುತ್ತದೆ.

ಶುರು ಮಾಡುವವರಿಗೆ ಬ್ರೀಚ್ ಲಾಕ್ ಚಾಲೆಂಜರ್ ಒಳ್ಳೆಯ ಆಯ್ಕೆ. ಅಲ್ಯೂಮಿನಿಯಂ ಆದರೂ 'ಓ' ಚೌಕಟ್ಟು. ಪ್ರತಿ ಡೈಗೂ ಒಂದು ಬ್ರೀಚ್ ಲಾಕ್ ಬುಶಿಂಗ್ ಹಾಕಿಟ್ಟರೆ ಡೈ ಬದಲಿಸುವುದು ಒಂದು ಗಳಿಗೆಯ ಕೆಲಸ. .223, 9 ಎಂಎಂ, .308 ವಿಂಚೆಸ್ಟರ್ ಇಷ್ಟರಲ್ಲೇ ಇರುವವರಿಗೆ ಇದು ಧಾರಾಳವಾಗಿ ಸಾಕು. ಹಗುರವಾದ್ದರಿಂದ ಜೋರು ಎಳೆತಕ್ಕೆ ಸ್ವಲ್ಪ ಬಳುಕಿದಂತೆ ಅನ್ನಿಸುತ್ತದೆ. ತೋಟೆ ಅದರಿಂದ ಕೆಡುವುದಿಲ್ಲ.

ಲೀ ಕಂಪನಿಯದರಲ್ಲಿ ನನಗೆ ಮೆಚ್ಚುಗೆ ಇರುವುದು ಕ್ಲಾಸಿಕ್ ಕ್ಯಾಸ್ಟ್ ಮೇಲೆ. ಬೀಡು ಕಬ್ಬಿಣದ ಚೌಕಟ್ಟು. ಪ್ರೈಮರ್ ರ್ಯಾಮ್ ಒಳಗಿಂದಲೇ ಕೆಳಗಿನ ಟ್ಯೂಬಿಗೆ ಇಳಿಯುತ್ತದೆ, ನೆಲ ಗುಡಿಸುವ ಕೆಲಸ ಇಲ್ಲ. ಹಿಡಿಕೆಯನ್ನು ಎಡಕ್ಕೂ ಹಾಕಬಹುದು, ಬಲಕ್ಕೂ ಹಾಕಬಹುದು, ಎಷ್ಟು ಎತ್ತರದಿಂದ ಶುರುವಾಗಬೇಕು ಅನ್ನುವುದನ್ನೂ ಹೊಂದಿಸಬಹುದು. ಮರೆ ಇರುವ ಮಾದರಿಯಲ್ಲಿ ಮೇಲಿನ ಬುಶಿಂಗ್ ಬಿಚ್ಚಿದರೆ 1 1/4-12 ಅಳತೆಯ ದೊಡ್ಡ ಡೈಗಳೂ ಕೂರುತ್ತವೆ. .50 ಬಿಎಂಜಿ ಅನ್ನುವ ಭಾರಿ ತೋಟೆ ತುಂಬುವವರಿಗೆ ಬೇಕಾದದ್ದು ಅದೇ. ಇಷ್ಟೆಲ್ಲ ಕೊಟ್ಟೂ ಬೆಲೆ ದೊಡ್ಡ ಹೆಸರಿನ ಕಬ್ಬಿಣದ ಪ್ರೆಸ್‌ಗಳಿಗಿಂತ ಕಡಿಮೆ. ಮೇಲ್ಮೈಯ ನಯ, ಬಣ್ಣದ ಕೆಲಸದಲ್ಲಿ ಸ್ವಲ್ಪ ಹಿಂದೆ ಇರಬಹುದು. ಒತ್ತುವ ಕೆಲಸದಲ್ಲಿ ಅಲ್ಲ.

ನಡುವಿನ ದಾರಿ: ಕಬ್ಬಿಣದ ಹಳೆ ಹುಲಿಗಳು

ಆರ್‌ಸಿಬಿಎಸ್ 1943ರಲ್ಲಿ ಫ್ರೆಡ್ ಹಂಟಿಂಗ್ಟನ್ ಶುರು ಮಾಡಿದ ಕಂಪನಿ. ಅವರ ರಾಕ್ ಚಕರ್ ಅಂದರೆ ಈ ಹವ್ಯಾಸದಲ್ಲಿ ಅಳತೆಗೋಲು ಇದ್ದ ಹಾಗೆ. ಬೇರೆ ಯಾವ ಪ್ರೆಸ್ ಬಂದರೂ ಜನ ಅದನ್ನು ರಾಕ್ ಚಕರ್ ಪಕ್ಕ ಇಟ್ಟು ನೋಡುತ್ತಾರೆ. ಈಗಿನ ರಾಕ್ ಚಕರ್ ಸುಪ್ರೀಮ್ ಬೀಡು ಕಬ್ಬಿಣದ ದಪ್ಪ 'ಓ'. ಎಳೆತದ ಕೊನೆಯಲ್ಲಿ ಹಿಡಿಕೆಯ ಬಲ ಎಷ್ಟು ಹೆಚ್ಚುತ್ತದೆಂದರೆ, ಗಟ್ಟಿ ಕೇಸ್ ಕೂಡ ಬೆಣ್ಣೆಯೊಳಗೆ ಹೋದಂತೆ ಡೈ ಒಳಗೆ ಜಾರುತ್ತದೆ. ಅಪ್ಪ ಬಳಸಿದ್ದನ್ನು ಮಗಳು ಬಳಸುವಷ್ಟು ಬಾಳಿಕೆ.

ಅದರ ಕೊರತೆ ನಾನು ಆಗಲೇ ಹೇಳಿದ ಪ್ರೈಮರ್ ವಿಷಯ. ಅದು ಮುಂದಿನ ಪ್ಲಾಸ್ಟಿಕ್ ತಟ್ಟೆಗೆ ಬೀಳುತ್ತದೆ, ಅಥವಾ ಬೀಳುವುದಿಲ್ಲ. ಅದೇ ಕಂಪನಿಯ ರೆಬೆಲ್ ಮಾದರಿಯಲ್ಲಿ ಪ್ರೈಮರ್ ನೇರ ಕೆಳಗಿಳಿಯುವ ವ್ಯವಸ್ಥೆ ಬಂದಿದೆ. ಆರ್‌ಸಿಬಿಎಸ್ ಬೇಕು, ಆದರೆ ಮಸಿ ಬೇಡ ಅನ್ನುವವರು ಅದನ್ನು ನೋಡಬಹುದು.

ರೆಡ್ಡಿಂಗ್ ನ್ಯೂಯಾರ್ಕ್ ರಾಜ್ಯದ ಕಾರ್ಟ್‌ಲ್ಯಾಂಡ್‌ನ ಕಂಪನಿ. ಅವರ ಬಿಗ್ ಬಾಸ್ 2 ಕೂಡ ಬೀಡು ಕಬ್ಬಿಣ. ಚೌಕಟ್ಟು 36 ಡಿಗ್ರಿ ಓರೆಯಾಗಿರುವುದರಿಂದ ಕೇಸ್ ಇಡುವ ಕೈಗೆ ಕಂಬ ಅಡ್ಡ ಬರುವುದಿಲ್ಲ. ಪ್ರೈಮರ್ ರ್ಯಾಮ್ ಒಳಗಿಂದ ಕೆಳಗೆ. ರಾಕ್ ಚಕರ್ ತರಹದ ಗಟ್ಟಿತನ, ಅದರ ಕಸ ಇಲ್ಲದೆ ಬೇಕು ಅನ್ನುವವರಿಗೆ ನಾನು ಮೊದಲು ಹೇಳುವ ಹೆಸರು ಇದು. ಬೆಲೆ ಸ್ವಲ್ಪ ಜಾಸ್ತಿ.

ಹಾರ್ನಡಿ ಲಾಕ್ ಎನ್ ಲೋಡ್ ಕ್ಲಾಸಿಕ್‌ನ ಆಕರ್ಷಣೆ ಬುಶಿಂಗ್. ಡೈ ಒಮ್ಮೆ ಹೊಂದಿಸಿ ಬುಶಿಂಗ್ ಜೊತೆಗೇ ಬಿಟ್ಟರೆ ಮುಂದೆ ಚಿಕ್ಕ ತಿರುವಿಗೆ ಕೂರುತ್ತದೆ. ಮೂರು ಬಗೆಯ ತೋಟೆ ತುಂಬುವವರಿಗೆ ಇದು ದೊಡ್ಡ ಅನುಕೂಲ. ಬುಶಿಂಗ್‌ನಲ್ಲಿ ಕೂದಲೆಳೆ ಆಟ ಇದೆಯಲ್ಲ ಅಂತ ಕೆಲವರ ಅನುಮಾನ. ಕೇಸ್ ಒತ್ತಿದಾಗ ಡೈ ಪ್ರತಿ ಸಲ ಮೇಲಕ್ಕೆ ಒಂದೇ ಜಾಗಕ್ಕೆ ಹೋಗಿ ಕೂರುತ್ತದೆ. ಹಾಗಾಗಿ ನನಗೆ ಅದು ತೊಂದರೆ ಅನ್ನಿಸಿಲ್ಲ. ಇದರ ಚೌಕಟ್ಟು ಅಲ್ಯೂಮಿನಿಯಂ ಮಿಶ್ರಲೋಹ. ಕಬ್ಬಿಣವೇ ಬೇಕಾದವರಿಗೆ ಅವರದೇ ಐರನ್ ಪ್ರೆಸ್ ಇದೆ.

ಇಲ್ಲೊಂದು ಉಪಾಯ. 1 1/4-12 ಮರೆ ಇರುವ ಪ್ರೆಸ್‌ಗಳಿಗೆ ಹಾಕಲು ಹಾರ್ನಡಿ ಬುಶಿಂಗ್ ಕಿಟ್ ಬೇರೆಯಾಗಿಯೇ ಸಿಗುತ್ತದೆ. ರಾಕ್ ಚಕರ್ ಸುಪ್ರೀಮ್‌ಗೂ ಅದು ಕೂರುತ್ತದೆ. ಗಟ್ಟಿತನ ಒಂದರದ್ದು, ವೇಗ ಇನ್ನೊಂದರದ್ದು, ಎರಡೂ ಒಂದೇ ಬೆಂಚಿನ ಮೇಲೆ.

ಮೆಕ್ ಮಾರ್ಕ್ಸ್‌ಮನ್ ಹೆಸರು ಕೇಳಿದವರು ಕಡಿಮೆ. ಶಾಟ್‌ಗನ್ ಪ್ರೆಸ್‌ಗಳಿಗೆ ಹೆಸರಾದ ಮೆಕ್ ಕಂಪನಿಯ ಪ್ರೆಸ್ ಇದು. ಇದರಲ್ಲಿ ಶೆಲ್ ಹೋಲ್ಡರ್ ತುಸು ಅಲುಗಾಡಲು ಬಿಟ್ಟಿದ್ದಾರೆ, ಕೇಸ್ ತಾನಾಗಿ ಡೈ ನಡುವಿಗೆ ಬಂದು ನಿಲ್ಲಲಿ ಅಂತ. ಆ ವಿಚಾರವನ್ನು ಕೊನೆಯವರೆಗೆ ಕೊಂಡೊಯ್ದದ್ದು ಮುಂದಿನ ಪ್ರೆಸ್.

ಫಾರ್ಸ್ಟರ್ ಕೋ-ಆ್ಯಕ್ಸ್: ದುಬಾರಿ, ಆದರೆ ಯಾರಿಗೆ?

ಕೋ-ಆ್ಯಕ್ಸ್ ನೋಡಿದರೆ ಉಳಿದವುಗಳ ಬಂಧು ಅನ್ನಿಸುವುದೇ ಇಲ್ಲ. ಹಿಡಿಕೆ ಪಕ್ಕದಲ್ಲಿಲ್ಲ, ಮೇಲೆ ನಡುವಿನಲ್ಲಿದೆ. ಬಲ ನೇರ ಮಧ್ಯದಿಂದ ಬರುತ್ತದೆ. ಬಲಗೈ, ಎಡಗೈ ಪ್ರಶ್ನೆಯೇ ಇಲ್ಲ. ಡೈ ಹಾಕಲು ಮರೆ ಇಲ್ಲ. ಡೈನ ಲಾಕ್ ರಿಂಗನ್ನು (ಡೈ ಸುತ್ತ ಬಿಗಿದ ಬಳೆ) ಮುಂದಿನ ಸೀಳಿನೊಳಗೆ ತಳ್ಳಿದರೆ ಆಯಿತು. ಬುಶಿಂಗ್ ಖರ್ಚೂ ಇಲ್ಲ. ಶೆಲ್ ಹೋಲ್ಡರ್ ಕೂಡ ಬೇಡ. ಎರಡು ದವಡೆಗಳು ಕೇಸಿನ ತಳದಂಚನ್ನು ಹಿಡಿಯುತ್ತವೆ, ರ್ಯಾಮ್ ಏರಿದಂತೆ ತಾವೇ ಮುಚ್ಚಿಕೊಳ್ಳುತ್ತವೆ. ಪ್ರೈಮರ್ ನೇರ ಕೆಳಗಿನ ಡಬ್ಬಿಗೆ ಬೀಳುತ್ತದೆ. ಇಡೀ ದಿನ ಕೆಲಸ ಮಾಡಿದರೂ ಬೆಂಚು ಶುಭ್ರ.

ಡೈಯೂ ತೇಲುತ್ತದೆ, ಕೇಸೂ ತೇಲುತ್ತದೆ. ಹಾಗಾಗಿ ಒಂದನ್ನೊಂದು ಓರೆಯಾಗಿ ಎಳೆಯುವುದಿಲ್ಲ. ದೂರದ ಗುರಿಗೆ ಹೊಡೆಯುವವರು ಇದನ್ನು ಮೆಚ್ಚುವುದು ಅದಕ್ಕೇ. ಆದರೂ ಹೇಳುತ್ತೇನೆ, ಕೇಸಿನ ಕತ್ತು ಓರೆಯಾಗುವುದಕ್ಕೆ ಹೆಚ್ಚಿನ ಸಲ ಕಾರಣ ಡೈ ಒಳಗಿನ ಎಕ್ಸ್‌ಪ್ಯಾಂಡರ್ ಬಾಲ್ (ಕತ್ತನ್ನು ಒಳಗಿನಿಂದ ಅಗಲಿಸುವ ಉಂಡೆ) ಒಣಗಿದ ಕತ್ತನ್ನು ಎಳೆದುಕೊಂಡು ಬರುವುದು. ಕತ್ತಿನ ಒಳಗೆ ತುಸು ಲೂಬ್ರಿಕೆಂಟ್ ಹಚ್ಚಿದರೆ ಅಗ್ಗದ ಪ್ರೆಸ್‌ನಲ್ಲೂ ಬಹಳ ಸುಧಾರಿಸುತ್ತದೆ. ಸಾಮಾನ್ಯ ಪ್ರೆಸ್‌ನಲ್ಲಿ ಡೈನ ಲಾಕ್ ರಿಂಗ್ ಕೆಳಗೆ ಒಂದು ರಬ್ಬರ್ ಓ-ರಿಂಗ್ ಹಾಕಿದರೂ ಡೈ ಚೂರು ತೇಲುತ್ತದೆ. ಇದೆಲ್ಲ ಮಾಡಿ ನೋಡಿದ ಮೇಲೂ ಸಾಲದು ಅನ್ನಿಸಿದರೆ ಕೋ-ಆ್ಯಕ್ಸ್‌ಗೆ ದುಡ್ಡು ಹಾಕಿ.

ಇದರ ತೊಂದರೆಗಳೂ ಇವೆ. ಬೆಲೆ ಚಾಲೆಂಜರ್‌ಗಿಂತ ಎಷ್ಟೋ ಪಟ್ಟು. ಹಿಡಿಕೆ ಮೇಲೆ ಇರುವುದರಿಂದ ಬೆಂಚಿನ ಮೇಲೆ ಶೆಲ್ಫ್ ಇದ್ದರೆ ತಾಗುತ್ತದೆ. ಎಲ್ಲ ಲಾಕ್ ರಿಂಗ್‌ಗಳೂ ಅದರ ಸೀಳಿಗೆ ಕೂರುವುದಿಲ್ಲ. ಲೀ ಡೈಗಳ ಜೊತೆ ಬರುವ ರಿಂಗ್ ತೆಗೆದು ಫಾರ್ಸ್ಟರ್‌ನದೇ ರಿಂಗ್ ಹಾಕಬೇಕಾಗುತ್ತದೆ. ಹತ್ತು ಡೈ ಇದ್ದರೆ ಆ ರಿಂಗ್‌ಗಳ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿ.

ಬೆಂಚಿನ ಬಗ್ಗೆ, ನನ್ನದೇ ಅನುಭವ

ನಾನು ಮೊದಲು ಪ್ರೆಸ್ ಕೂರಿಸಿದ್ದು ಹಳೆಯ ಓದುವ ಮೇಜಿನ ಮೇಲೆ. ಹಲಗೆ ತೆಳ್ಳಗಿತ್ತು. ಹಿಡಿಕೆ ಎಳೆದಾಗ ಮೇಜಿನ ಅಂಚು ಬಾಗುತ್ತಿತ್ತು, ಬಿಟ್ಟಾಗ ಮೇಲೇಳುತ್ತಿತ್ತು. ಒಂದು ರಾತ್ರಿ .308 ಕೇಸ್‌ಗಳಿಗೆ ಲೂಬ್ರಿಕೆಂಟ್ ಹಚ್ಚುವಾಗ ಒಂದಕ್ಕೆ ಸರಿಯಾಗಿ ಹತ್ತಲಿಲ್ಲ. ಅರ್ಧ ದಾರಿಯಲ್ಲೇ ಬಿಗಿ ಅನ್ನಿಸಿತು. ಮೇಜು ಬಳುಕುತ್ತಿದೆ ಅಂದುಕೊಂಡು ಇನ್ನೂ ಜೋರಾಗಿ ಒತ್ತಿದೆ. ಕೇಸ್ ಪೂರ್ತಿ ಒಳಗೆ ಹೋಯಿತು. ಹಿಡಿಕೆ ಮೇಲೆತ್ತಿದಾಗ ಟಪ್ ಅಂತ ಸದ್ದು. ಶೆಲ್ ಹೋಲ್ಡರ್‌ನಲ್ಲಿ ಉಳಿದದ್ದು ತಳದಂಚಿನ ಹಿತ್ತಾಳೆಯ ಒಂದು ಚೂರು, ಉಗುರಿನಷ್ಟು. ಕೇಸ್ ಡೈ ಒಳಗೇ ಕಚ್ಚಿಕೊಂಡಿತ್ತು. ಅದರ ತಳಕ್ಕೆ ತೂತು ಕೊರೆದು, ಮರೆ ಹೊಡೆದು, ಬೋಲ್ಟ್ ಹಾಕಿ ಎಳೆದು ತೆಗೆಯಬೇಕಾಯಿತು.

ಬೆಂಚು ಗಟ್ಟಿ ಇದ್ದಿದ್ದರೆ ಆ ಬಿಗಿ ಕೇಸಿನದ್ದು ಅಂತ ಕೈಗೆ ಕೂಡಲೇ ತಿಳಿಯುತ್ತಿತ್ತು. ಅದಕ್ಕೇ ಹೇಳುವುದು, ಬಜೆಟ್ ಬಿಗಿ ಇದ್ದರೆ ಪ್ರೆಸ್‌ನಲ್ಲಿ ಒಂದು ಮೆಟ್ಟಿಲು ಇಳಿಯಿರಿ, ಉಳಿದ ದುಡ್ಡನ್ನು ಬೆಂಚಿಗೆ ಹಾಕಿ. ದಪ್ಪ ಹಲಗೆ, ಗೋಡೆಗೆ ಬಿಗಿದ ಕಾಲುಗಳು, ಆರಪಾರ ಹೋಗುವ ಬೋಲ್ಟ್, ಕೆಳಗೆ ಅಗಲ ವಾಷರ್. ಗಟ್ಟಿ ಬೆಂಚಿನ ಮೇಲಿನ ಚಾಲೆಂಜರ್, ಅಲುಗುವ ಮೇಜಿನ ಮೇಲಿನ ರಾಕ್ ಚಕರ್‌ಗಿಂತ ಮೇಲು.

ಹಾಗಾದರೆ ನಿಮಗೆ ಯಾವುದು?

ಈಗಷ್ಟೇ ಶುರು, ದುಡ್ಡು ಕಮ್ಮಿ, ಒಂದೆರಡು ಬಗೆಯ ತೋಟೆ ಮಾತ್ರ. ಚಾಲೆಂಜರ್ ತಗೊಳ್ಳಿ. ಉಳಿದ ಹಣದಲ್ಲಿ ಒಳ್ಳೆಯ ತಕ್ಕಡಿ, ಒಂದು ರೀಲೋಡಿಂಗ್ ಕೈಪಿಡಿ, ಕಣ್ಣಿನ ರಕ್ಷಣೆಗೆ ಕನ್ನಡಕ. ಕೈಪಿಡಿಯಲ್ಲಿ ಇಲ್ಲದ ಮದ್ದಿನ ಲೆಕ್ಕ ಯಾರು ಹೇಳಿದರೂ ಹಾಕಬೇಡಿ.

ಒಮ್ಮೆ ಕೊಂಡರೆ ಮತ್ತೆ ಕೊಳ್ಳಬಾರದು, ಹೆಚ್ಚು ಖರ್ಚೂ ಆಗಬಾರದು ಅಂದರೆ ಕ್ಲಾಸಿಕ್ ಕ್ಯಾಸ್ಟ್. ಹತ್ತಿರದವರೊಬ್ಬರು ಒಂದೇ ಒಂದು ಹೆಸರು ಹೇಳು ಅಂದರೆ ನಾನು ಹೇಳುವುದು ಇದನ್ನೇ. ದೊಡ್ಡ ಮ್ಯಾಗ್ನಮ್ ಕೇಸ್‌ಗಳೇ ಹೆಚ್ಚು, ಗಟ್ಟಿತನದ ಮೇಲೆ ರಾಜಿ ಇಲ್ಲ ಅಂದರೆ ಬಿಗ್ ಬಾಸ್ 2 ಅಥವಾ ರಾಕ್ ಚಕರ್. ತೋಟೆಯ ಬಗೆ ಪದೇಪದೇ ಬದಲಿಸುವವರಿಗೆ ಹಾರ್ನಡಿ. ದೂರದ ಗುರಿಯೇ ನಿಮ್ಮ ಆಟ, ದುಡ್ಡಿಗೆ ತೊಂದರೆ ಇಲ್ಲ, ಇಲ್ಲವೇ ಮಣಿಕಟ್ಟು ನೋಯುತ್ತದೆ, ಆಗ ಕೋ-ಆ್ಯಕ್ಸ್.

ಪಿಸ್ತೂಲ್ ತೋಟೆಯೇ ಹೆಚ್ಚು, ಪ್ರೋಗ್ರೆಸಿವ್‌ಗೆ ಮನಸ್ಸು ಇನ್ನೂ ಒಪ್ಪುತ್ತಿಲ್ಲ ಅನ್ನುವವರಿಗೆ ಟರೆಟ್ ಪ್ರೆಸ್ ಇದೆ. ಡೈಗಳನ್ನೆಲ್ಲ ಒಂದೇ ತಲೆಯಲ್ಲಿ ಕೂರಿಸಿಟ್ಟು ತಿರುಗಿಸುತ್ತಾ ಹೋಗುವುದು. ರೆಡ್ಡಿಂಗ್ ಟಿ-7ನಲ್ಲಿ ಏಳು ಡೈ ಕೂರುತ್ತವೆ. ಬೇಕೆಂದರೆ ಅದನ್ನೇ ಸಿಂಗಲ್ ಸ್ಟೇಜ್ ತರಹವೂ ಬಳಸಬಹುದು. ಅಂದ ಹಾಗೆ, ಪಿಸ್ತೂಲಿನ ನೇರ ಕೇಸ್‌ಗಳಿಗೆ ಕಾರ್ಬೈಡ್ (ಬಹಳ ಗಟ್ಟಿ, ನಯವಾದ ವಸ್ತು) ಡೈ ತಗೊಳ್ಳಿ. ಲೂಬ್ರಿಕೆಂಟ್ ಹಚ್ಚುವ ಕೆಲಸವೇ ತಪ್ಪುತ್ತದೆ.

ಯಾವುದನ್ನು ಕೊಂಡರೂ ಒಂದು ಅಭ್ಯಾಸ ಬಿಡಬೇಡಿ. ಸಿಂಗಲ್ ಸ್ಟೇಜ್‌ನಲ್ಲಿ ಮದ್ದು ತುಂಬಿದ ಕೇಸ್‌ಗಳು ಸಾಲಾಗಿ ತಟ್ಟೆಯಲ್ಲಿ ನಿಂತಿರುತ್ತವೆ. ಗುಂಡು ಕೂರಿಸುವ ಮುಂಚೆ ಟಾರ್ಚ್ ಹಿಡಿದು ಒಂದೊಂದರ ಒಳಗೂ ನೋಡಿ. ಎಲ್ಲದರಲ್ಲೂ ಮದ್ದು ಒಂದೇ ಮಟ್ಟಕ್ಕೆ ಇರಬೇಕು. ಒಂದರಲ್ಲಿ ಎರಡು ಸಲ ಬಿದ್ದಿದ್ದರೆ ಬಂದೂಕು ಸೀಳಬಹುದು, ಕೈ ಹೋಗಬಹುದು. ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆದು ಆಮೇಲೆ ಊಟ.

ಸೆಕೆಂಡ್ ಹ್ಯಾಂಡ್ ಬಗ್ಗೆಯೂ ಹಲವರು ಕೇಳುತ್ತಾರೆ. ಬೀಡು ಕಬ್ಬಿಣದ ಪ್ರೆಸ್ ಹಳೆಯದಾದರೂ ಧೈರ್ಯವಾಗಿ ಕೊಳ್ಳಬಹುದು. ಹೋಗುವಾಗ ಒಂದು ಡೈ ಕೈಯಲ್ಲಿ ಹಿಡಿದುಕೊಂಡು ಹೋಗಿ. ಅದನ್ನು ಮೇಲಿನ ಮರೆಗೆ ಬರೀ ಬೆರಳಲ್ಲೇ ತಿರುಗಿಸಿ, ಎಲ್ಲೂ ಕಚ್ಚದೆ ಇಳಿಯಬೇಕು. ರ್ಯಾಮ್ ಅರ್ಧಕ್ಕೆ ಏರಿಸಿ ತಲೆಯನ್ನು ಹಿಡಿದು ಆಕಡೆ ಈಕಡೆ ಅಲುಗಿಸಿ. ಸ್ವಲ್ಪ ಆಟ ಇದ್ದರೆ ಪರವಾಗಿಲ್ಲ, ಕಟಕಟ ಅಂದರೆ ಬೇಡ. ಹಿಡಿಕೆ ಸೇರುವ ಪಿನ್ನುಗಳನ್ನೂ ಚೌಕಟ್ಟಿನ ಮೂಲೆಗಳನ್ನೂ ಬೆಳಕಿನಲ್ಲಿ ನೋಡಿ. ಮೇಲಿನ ತುಕ್ಕು ಎಣ್ಣೆ, ಸ್ಟೀಲ್ ವುಲ್‌ಗೆ ಹೋಗುತ್ತದೆ. ಬೀಡಿನಲ್ಲಿ ಕೂದಲೆಳೆ ಬಿರುಕು ಕಂಡರೆ ಎಷ್ಟೇ ಅಗ್ಗಕ್ಕೆ ಕೊಟ್ಟರೂ ಅಲ್ಲೇ ಬಿಟ್ಟು ಬನ್ನಿ.